ಕೌಂಟ್ ಸಾಹೇಬರ ಕೋಟಿನ ಒಳಮೈ

ನಲವತ್ತೊಂದು ವರ್ಷ ಬಹರೈನಿನ ಮನಾಮದ ಒಂದೇ ಗಲ್ಲಿಯಲ್ಲಿ, ಒಂದೇ ಅಂಗಡಿಯಲ್ಲಿ, ಒಂದೇ ಕಿಟಕಿಯ ಪಕ್ಕ ಕುಳಿತು ಹೊಲಿದವನು ನಾನು. ಕಳೆದ ವರ್ಷ ಕತ್ತರಿ ಕೆಳಗಿಟ್ಟೆ. ಈಗ ಉಮ್ ಅಲ್ ಹಸ್ಸಮ್‌ನಲ್ಲಿ ಮಗಳ ಮನೆಯಲ್ಲಿ ಉಂಡು ಮಲಗುವುದು, ಅಳಿಯನ ಪ್ಯಾಂಟಿನ ತುದಿ ಮಡಿಸಿಕೊಡುವುದು, ಇಷ್ಟೇ ಉದ್ಯೋಗ. ಅಂಗಡಿಗೆ ಹೊಸದಾಗಿ ಕಟಿಂಗಿಗೆ ಬಂದ ಇಬ್ಬರು ಮೊನ್ನೆ ಮನೆಗೆ ಬಂದು, ಶೇಖರಣ್ಣ, ಈ ಕೆಲಸದ ಗುಟ್ಟು ಏನಾದರೂ ಬರೆದುಕೊಡಿ ಎಂದು ಗಂಟುಬಿದ್ದರು. ಮಗಳು ಮಾಡಿದ ಗೋಳಿಬಜೆ ಒಂದು ತಟ್ಟೆ ಖಾಲಿ ಮಾಡಿದ ಮೇಲೆ ಕೇಳಿದ್ದರಿಂದ ಇಲ್ಲ ಎನ್ನಲಾಗಲಿಲ್ಲ.

ನಾನು ಯಾವ ವರ್ಷ ಟೈಲರ್ ಆದೆ, ಯಾವ ವರ್ಷ ಸೀನಿಯರ್ ಟೈಲರ್ ಆದೆ ಎಂಬುದನ್ನು ಬರೆಯುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ. ನೀವು ಈಗ ಕಂಪ್ಯೂಟರಿನಲ್ಲಿ ಪ್ಯಾಟರ್ನ್ ತೆಗೆಯುವವರು. ಗಿರಾಕಿ ಮೊಬೈಲಿನಲ್ಲಿ ಫೋಟೋ ಕಳಿಸಿದರೆ ಅಳತೆ ಅದರಷ್ಟಕ್ಕೇ ಬರುತ್ತದಂತೆ. ಬರಲಿ, ಸಂತೋಷ. ಆದರೆ ಮೈಮೇಲೆ ಟೇಪು ಇಡದೆ, ಬಟ್ಟೆಯ ಒಳಮಗ್ಗುಲು ತಿರುವಿ ನೋಡದೆ ಒಬ್ಬ ಮನುಷ್ಯನ ವಿಷಯ ಗೊತ್ತಾಗುತ್ತದೆ ಎಂದು ಮಾತ್ರ ನನ್ನ ಹತ್ತಿರ ಹೇಳಬೇಡಿ.

ನನಗೆ ಇದನ್ನು ಕಲಿಸಿದವರು ನಮ್ಮ ಕಟಿಂಗ್ ಮಾಸ್ಟರ್ ವಾಸಣ್ಣ. ಕಾರ್ಕಳದ ಕಡೆಯವರು. ಸಪೂರ ಆಸಾಮಿ, ಕಿವಿಯ ಹಿಂದೆ ಸದಾ ಒಂದು ಚಾಕ್‌ಪೀಸು. ದಿನಕ್ಕೆ ಹತ್ತು ಮಾತು ಆಡುತ್ತಿದ್ದರು, ಅದರಲ್ಲಿ ಒಂಬತ್ತು ನನಗೆ ಬೈಗುಳ. ಅಂಗಡಿಯ ಅರ್ಬಾಬ್, ಅಂದರೆ ನಮ್ಮ ಯಜಮಾನರು, ಅವರೂ ವಾಸಣ್ಣನ ಟೇಬಲಿನ ಮೇಲೆ ಚಹಾದ ಲೋಟ ಇಡಲು ಹೆದರುತ್ತಿದ್ದರು.

ನಾನು ಬಂದ ಮೊದಲ ವರ್ಷದ ಮಾತು. ಒಬ್ಬರು ವಯಸ್ಸಾದ ಹಜ್ಜಿ, ಅಂದರೆ ಹಜ್ ಯಾತ್ರೆ ಮಾಡಿ ಬಂದ ಅಲ್ಲಿಯವರು, ತಮ್ಮ ಹಳೆಯ ತೋಬ್ ಒಂದನ್ನು ಸ್ಯಾಂಪಲ್ ಎಂದು ಕೊಟ್ಟು, ಇದರ ಹಾಗೆಯೇ ಇನ್ನೊಂದು ಹೊಲಿಯಿರಿ ಎಂದರು. ಕಾಲಿನವರೆಗಿನ ಆ ಬಿಳಿ ನಿಲುವಂಗಿಯನ್ನು ಟೇಬಲಿನ ಮೇಲೆ ಹರಡಿ ನೋಡಿದರೆ ಬಲಗಡೆಯ ಜೇಬು ಎಡಗಡೆಯದಕ್ಕಿಂತ ಎರಡು ಬೆರಳು ಕೆಳಗೆ. ಯಾವನೋ ಕಸುಬು ಗೊತ್ತಿಲ್ಲದವನು ಹೊಲಿದಿದ್ದಾನೆ ಎಂದು ನಕ್ಕು, ಎರಡೂ ಜೇಬನ್ನು ಸರಿಸಮ ಕೂರಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಹಜ್ಜಿ ಬಂದು ತೊಟ್ಟರು. ಜಪಮಣಿಯನ್ನು ಜೇಬಿಗೆ ಹಾಕಲು ಹೋದರು, ಅದು ಪಟಕ್ಕನೆ ನೆಲಕ್ಕೆ ಬಿತ್ತು. ಎತ್ತಿಕೊಂಡು ಮತ್ತೆ ಹಾಕಿದರು, ಮತ್ತೆ ಬಿತ್ತು. ಪ್ರಾಯದಲ್ಲಿ ದೋಣಿಯಲ್ಲಿ ಬಲೆ ಎಳೆದೂ ಎಳೆದೂ ಅವರ ಬಲ ಹೆಗಲು ಇಳಿದಿತ್ತು. ಆ ಕೈ ತಡಕುತ್ತಿದ್ದ ಜಾಗದಲ್ಲಿ ಜೇಬು ಇರಲಿಲ್ಲ. ಅವರು ಸಿಟ್ಟು ಮಾಡಲಿಲ್ಲ. ಇದು ಯಾರ ತೋಬ್ ಎಂದಷ್ಟೇ ಕೇಳಿದರು.

ಅವರು ಹೋದ ಮೇಲೆ ವಾಸಣ್ಣ ಜೇಬು ಬಿಚ್ಚಿ ತಾನೇ ಕೆಳಗೆ ಹೊಲಿಯುತ್ತಾ ಹೇಳಿದರು, "ಸ್ಯಾಂಪಲ್ ತಿದ್ಲಿಕ್ಕೆ ನೀನು ಯಾರು ಮಾರಾಯ? ಅವರ ಹೆಗಲನ್ನು ಸಮ ಮಾಡ್ಲಿಕ್ಕೆ ನಿನ್ನಿಂದ ಆಗ್ತದಾ? ಇಲ್ಲ ಅಲ್ವಾ? ಹಾಗಾದ್ರೆ ಸೊಟ್ಟ ಇದ್ದದ್ದನ್ನು ಸೊಟ್ಟವೇ ಹೊಲಿ."

ಇದೊಂದು ಪಾಠ. ಇದು ನನ್ನ ತಲೆಗೆ ಪೂರ್ತಿ ಇಳಿಯಿತು ಎಂದೇ ನಾನು ಎಷ್ಟೋ ವರ್ಷ ತಿಳಿದಿದ್ದೆ. ಇಳಿದಿರಲಿಲ್ಲ ಎಂದು ತೋರಿಸಿಕೊಟ್ಟವರು ಕೌಂಟ್ ಸಾಹೇಬರು.

ಆ ಹೊತ್ತಿಗೆ ರೆಡಿಮೇಡ್ ಬಂದು ನಮ್ಮ ಅರ್ಧ ಗಿರಾಕಿಗಳನ್ನು ನುಂಗಿಯಾಗಿತ್ತು. ನಾವು ಉಳಿದದ್ದು ಹೋಟೆಲಿನವರಿಂದ. ದೊಡ್ಡ ಹೋಟೆಲುಗಳ ಬಾಗಿಲಲ್ಲಿ ನಿಂತು ಸಲಾಮು ಹೊಡೆಯುವವರು ತೊಡುತ್ತಾರಲ್ಲ, ಜರಿಪಟ್ಟಿ, ಹೆಗಲ ಮೇಲೆ ಗೊಂಡೆ, ಎರಡು ಸಾಲು ಹಿತ್ತಾಳೆ ಗುಂಡಿ ಇರುವ ಕೋಟು, ಅದರಲ್ಲಿ ನಮ್ಮದು ಎತ್ತಿದ ಕೈ. ಹಾಗೆ ಒಂದು ದಿನ ಒಬ್ಬ ಬಾಗಿಲು ಕಾಯುವವನ ಶಿಫಾರಸಿನ ಮೇಲೆ ಯುರೋಪಿನ ಒಬ್ಬ ಕೌಂಟ್ ಸಾಹೇಬರ, ಅಂದರೆ ಅಲ್ಲಿಯ ಜಹಗೀರುದಾರರ, ಕೋಟು ನಮ್ಮ ಅಂಗಡಿಗೆ ಬಂತು.

ತಂದವರು ಮಿಸ್ಟರ್ ಫೆಲಿಕ್ಸ್. ಉದ್ದಕ್ಕೆ, ಬಿಳುಚಿಕೊಂಡು, ಮಾತಿಗೊಮ್ಮೆ ಸಾರಿ ಎನ್ನುವವರು. ಹಡಗಿನಲ್ಲಿ ಬರುವ ಸರಕಿನ ಕಾಗದಪತ್ರ ನೋಡುವ ಆಫೀಸಿನಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದರು. ಟಿಶ್ಯೂ ಕಾಗದದಲ್ಲಿ ಸುತ್ತಿದ ಗಂಟನ್ನು ಟೇಬಲಿನ ಮೇಲಿಟ್ಟು ಬಿಚ್ಚಿದರು. ಒಂದು ಕಾಲದಲ್ಲಿ ನೀಲಿ ಇದ್ದಿರಬಹುದಾದ ಸೈನ್ಯದ ಕೋಟು, ಜೊತೆಗೆ ಕುದುರೆ ಸವಾರಿಯ ಪ್ಯಾಂಟು. ಅವರ ಮುತ್ತಜ್ಜನ ಅಪ್ಪ ಕೌಂಟ್ ಲಿಯೋಪೋಲ್ಡ್ ಎಂಬವರದ್ದಂತೆ. ನೂರೈವತ್ತು ವರ್ಷ ಹಿಂದಿನ ದೊಡ್ಡ ಮನೆತನದವರು, ಕುದುರೆ ಪಡೆಯ ಕ್ಯಾಪ್ಟನ್. ಇದರ ಹಾಗೆಯೇ ಒಂದು ತಮ್ಮ ಮೈಗೆ ಆಗುವಂತೆ ಬೇಕು ಎಂದರು. ಒಂದೂವರೆ ತಿಂಗಳಲ್ಲಿ ಅವರಿಗೆ ಅರವತ್ತು ತುಂಬುತ್ತದೆ, ಊರಿನಿಂದ ತಂದೆ ಬರುತ್ತಾರೆ, ಆ ದಿನ ಊಟಕ್ಕೆ ಬಂದವರ ಮುಂದೆ ಇದನ್ನು ತೊಟ್ಟು ನಿಂತು ಕೌಂಟ್ ಸಾಹೇಬರ ಕಥೆ ಹೇಳಬೇಕು.

"ಒಂದು ಮಾತು, ಸಾರಿ," ಎಂದರು ಹೋಗುವಾಗ. "ಇದರ ಲೈನಿಂಗ್ ಬಿಚ್ಚಬಾರದು ಅಂತ ಅಪ್ಪ ಫೋನಿನಲ್ಲಿ ಎರಡು ಸಲ ಹೇಳಿದ್ದಾರೆ. ಹೊರಗಿನಿಂದಲೇ ಅಳತೆ ತೆಗೆದುಕೊಳ್ಳಿ."

ವಾಸಣ್ಣ ತಲೆಯಾಡಿಸಿದರು. ಮಿಸ್ಟರ್ ಫೆಲಿಕ್ಸ್ ಅವರ ಕಾರು ಗಲ್ಲಿ ದಾಟಿದ್ದೇ ತಡ, ಹೊಲಿಗೆ ಬಿಚ್ಚುವ ಚಿಕ್ಕ ಕತ್ತಿಯನ್ನು ನನ್ನ ಕಡೆ ನೂಕಿದರು. ಎದೆ ಗಟ್ಟಿ ನಿಲ್ಲಲು ಒಳಗೆ ಕೊಡುವ ಕ್ಯಾನ್ವಾಸ್ ಹೇಗೆ ಕೂತಿದೆ ಎಂದು ನೋಡದೆ ಅಂಥ ಕೋಟು ಹೊಲಿಯಲು ಬ್ರಹ್ಮನಿಂದಲೂ ಆಗದು.

ಮಿಸ್ಟರ್ ಫೆಲಿಕ್ಸ್ ಹೇಳಿದ ಕೌಂಟ್ ಸಾಹೇಬರ ಚರಿತ್ರೆ ಹೀಗೆ. ಹದಿನೆಂಟಕ್ಕೆ ಕುದುರೆ ಪಡೆ ಸೇರಿದರು. ಒಂದು ಯುದ್ಧದಲ್ಲಿ ಗುಡ್ಡದ ಮೇಲಿದ್ದ ವೈರಿಯ ಫಿರಂಗಿಗಳ ಮೇಲೆ ಕತ್ತಿ ಹಿರಿದು ನುಗ್ಗಿದರು. ಕುದುರೆಗೆ ಗುಂಡು ತಗಲಿ ಬಿತ್ತು, ಇವರು ಕಾಲ್ನಡಿಗೆಯಲ್ಲೇ ಮುಂದೆ ಹೋದರು. ಬಲತೋಳಿಗೆ ಏಟು ಬಿದ್ದಾಗ ಕತ್ತಿಯನ್ನು ಎಡಗೈಗೆ ಬದಲಿಸಿದರು. ರಾಜನೇ ಕರೆದು ಪದಕ ಹಾಕಿದ. ಎಂಬತ್ತು ದಾಟಿದ ಮೇಲೂ ದಿನಾ ಬೆಳಿಗ್ಗೆ ಕುದುರೆ ಹತ್ತುತ್ತಿದ್ದರು. ಅಂದಿನಿಂದ ಆ ಮನೆಯ ಗಂಡಸರೆಲ್ಲ ಸೈನ್ಯಕ್ಕೆ ಹೋದವರೇ. ಮಿಸ್ಟರ್ ಫೆಲಿಕ್ಸ್ ಅವರ ತಂದೆಯೂ ಕರ್ನಲ್ ಆಗಿ ನಿವೃತ್ತರಾದವರು.

ಈಗ ಕೋಟು ಹೇಳಿದ ಚರಿತ್ರೆ ಕೇಳಿ. ಎದೆಯ ಒಳಗೆ ಎರಡು ಮಡಿಕೆ ಹತ್ತಿ, ಯಕ್ಷಗಾನದ ವೇಷಕ್ಕೆ ತುಂಬಿದ ಹಾಗೆ. ಸೊಂಟವನ್ನು ನಾಲ್ಕು ಸಲ ಸಡಿಲಿಸಿದ ಗುರುತು. ಬಲತೋಳಿನಲ್ಲಿ ಏಟಿನ ತೇಪೆ ಎಲ್ಲಿ ಎಂದು ಹುಡುಕಿದೆ, ಒಂದು ದಾರ ಕೂಡ ಕಡಿದಿರಲಿಲ್ಲ. ಆದರೆ ಅದೇ ತೋಳಿನ ಮೊಣಕೈ ಸವೆದು ಎರಡು ಸಲ ಹೊಸ ಲೈನಿಂಗ್ ಹಾಕಿಸಿದ್ದರು, ಮುಂಗೈ ಕೆಳಗೆ ಬಟ್ಟೆ ಉಜ್ಜಿ ಹೊಳೆಯುತ್ತಿತ್ತು. ಸವಾರಿ ಪ್ಯಾಂಟಿನ ಕೂರುವ ಜಾಗಕ್ಕೆ ಹೊಲಿದ ಚರ್ಮ ಇತ್ತಲ್ಲ, ಅದರ ಮೇಲೆ ಒಂದು ಸುಕ್ಕಾದರೂ ಬೇಡವಾ? ಅಂಗಡಿಯಿಂದ ನಿನ್ನೆ ತಂದಂತಿತ್ತು. ನೂರೈವತ್ತು ವರ್ಷದಲ್ಲಿ ಆ ಪ್ಯಾಂಟು ಕುದುರೆಯ ಬೆನ್ನು ಕಂಡೇ ಇರಲಿಲ್ಲ.

ಕೋಟಿನ ಎಡ ಅಂಚಿನ ಒಳಗಡೆ ಲೈನಿಂಗಿನ ಒಂದು ಮಡಿಕೆಯನ್ನು ಯಾರೋ ಆಮೇಲೆ ಮುಚ್ಚಿ ಹೊಲಿದಿದ್ದರು. ದಾರ ಬೇರೆ, ಕೈ ಬೇರೆ. ಇಷ್ಟಿಷ್ಟು ಉದ್ದದ ಹೊಲಿಗೆ, ಒಂದು ಈಶಾನ್ಯಕ್ಕೆ, ಒಂದು ನೈಋತ್ಯಕ್ಕೆ. ಬಿಚ್ಚಿದೆ. ಒಳಗೆ ಅಂಗೈಯಗಲದ ಚೌಕ ಬಟ್ಟೆ, ಕಪ್ಪು. ಅಂಚು ತಿರುವಿದರೆ ಬಟ್ಟೆಯ ನಿಜವಾದ ಬಣ್ಣ ಬಿಳಿ. ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪಿನ ಅಂಚಿನಲ್ಲಿ ಸಣ್ಣ ಸಣ್ಣ ಜೋಡಿಗೀಟುಗಳು, ನಿಬ್ಬಿನ ಎರಡು ತುದಿ ಎಳೆದಂಥವು.

ನನಗೆ ಗುರುತಾಗಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಶಾಲೆಗೆ ಹೋಗುವಾಗ ಸೋರುವ ಪೆನ್ನಿನ ನಿಬ್ಬನ್ನು ನಾನೂ ಅಂಗಿಯ ಒಳ ಅಂಚಿಗೇ ಒರೆಸುತ್ತಿದ್ದದ್ದು, ಅಮ್ಮನಿಗೆ ಕಾಣಬಾರದು ಎಂದು. ಒಗೆಯುವ ದಿನ ಕಾಣುತ್ತಿತ್ತು, ಬೆನ್ನಿಗೆ ಬೀಳುತ್ತಿತ್ತು. ಅಯ್ಯೋ ದೇವರೇ, ನಮ್ಮ ಕೌಂಟ್ ಸಾಹೇಬರು ಗುಮಾಸ್ತರು!

ನಾನು ನಕ್ಕ ನಗೆಗೆ ವಾಸಣ್ಣ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಬಂದರು. ನೋಡಿದರು. ಅವರ ತುಟಿಯೂ ಸ್ವಲ್ಪ ಅಲುಗಿತು. "ಲೈನಿಂಗಿನ ಒಳಗಿನ ವಿಷಯ ಲೈನಿಂಗಿನ ಒಳಗೇ ಇರ್ಲಿ. ನಿನ್ನ ಬಾಯಿ ಒಂದು ಭದ್ರ ಮಾಡು," ಎಂದರು. ಹೊಸ ಕೋಟಿಗೂ ಎಲ್ಲ ಸ್ಯಾಂಪಲಿನಂತೆಯೇ ಬರಬೇಕು, ಹತ್ತಿಯೂ ಬರಬೇಕು, ಚೌಕವೂ ಬರಬೇಕು ಎಂದರು. ನಾನು ಬಿಳಿ ಫ್ಲಾನೆಲಿನ ಒಂದು ಚೌಕ ಕತ್ತರಿಸಿ ಹೊಸ ಕೋಟಿನ ಎಡ ಅಂಚಿನ ಒಳಗೆ ಹೊಲಿದೆ. ಹಳೆಯ ಕೋಟಿನ ಮಡಿಕೆಯನ್ನು ಮೊದಲಿದ್ದಂತೆ ಮುಚ್ಚಿದೆ. ಮೊದಲಿದ್ದಂತೆ ಎಂದು ಬರೆದೆನಲ್ಲ, ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎರಡನೆಯ ಟ್ರಯಲ್‌ಗೆ ಮಿಸ್ಟರ್ ಫೆಲಿಕ್ಸ್ ಬಂದಾಗ ಕಚ್ಚಾ ಹೊಲಿಗೆಯ ಕೋಟಿನಲ್ಲಿ ಅವರನ್ನು ನಿಲ್ಲಿಸಿ, ನಾನು ಬಾಯಲ್ಲಿ ಹತ್ತು ಗುಂಡುಸೂಜಿ ಕಚ್ಚಿಕೊಂಡು ಕೆಳಗೆ ಕೂತಿದ್ದೆ. ಅವರು ಮತ್ತೊಮ್ಮೆ ಗುಡ್ಡ, ಫಿರಂಗಿ, ಎಡಗೈ ಎಲ್ಲ ಹೇಳಿದರು. ಸೂಜಿ ಇಲ್ಲದಿದ್ದರೆ ಆ ದಿನ ನನ್ನ ಬಾಯಿಂದ ಏನೇನು ಉದುರುತ್ತಿತ್ತೋ. ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣಗಾಯಿತು. ತಂದೆ ಅವರನ್ನು ಒಂದು ದಿನವೂ ಬೈದಿಲ್ಲವಂತೆ. ಆದರೆ ಯಾರಿಗಾದರೂ ಪರಿಚಯಿಸುವಾಗ ಒಂದೇ ಮಾತು, ನಲವತ್ತು ವರ್ಷದಿಂದ ಅದೇ ಮಾತು: ಇವನು ಫೆಲಿಕ್ಸ್, ನಮ್ಮ ವಂಶದಲ್ಲಿ ಕುರ್ಚಿಯಲ್ಲಿ ಕೂತ ಮೊದಲನೆಯವನು. ಎಲ್ಲರೂ ನಗುತ್ತಾರೆ, ಇವರೂ ನಗುತ್ತಾರೆ.

"ಒಂದು ಸಂಜೆಯಾದರೂ ಅವರ ಮಗನ ಹಾಗೆ ನಿಲ್ಲಬೇಕು," ಎಂದರು. ನನಗೆ ನಗು ಹಾರಿಹೋಯಿತು.

ಆಗಲೇ ಅವರು ಕೋಟಿನ ಅಂಚು ತಿರುಗಿಸಿ, ಈ ಬಿಳಿ ಚೌಕ ಯಾಕೆ ಎಂದು ಕೇಳಿದರು. ನಾನು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದೆ, ಸಮಯ ಸಿಗಲಿ ಎಂದು. ಹತ್ತನೆಯದು ತೆಗೆಯುವಾಗಲೂ ಏನೂ ಹೊಳೆಯಲಿಲ್ಲ. ಸ್ಯಾಂಪಲಿನಲ್ಲಿಯೂ ಉಂಟು ಸಾರ್, ಎಂದೆ. ಯಾತಕ್ಕೆ ಎಂದರು. ಕತ್ತಿ ಒರೆಸಲಿಕ್ಕೆ, ಎಂದುಬಿಟ್ಟೆ.

ಮಿಸ್ಟರ್ ಫೆಲಿಕ್ಸ್ ಕಣ್ಣು ದೊಡ್ಡದಾಯಿತು. ಅದರಲ್ಲಿಯೂ ಬಿಳಿಯೇ ಇದೆಯಾ ಎಂದರು. ಇಲ್ಲ, ಕಪ್ಪಾಗಿದೆ, ಎಂದೆ. ಕಪ್ಪು ಎಂದರೆ ಒಣಗಿದ ರಕ್ತ, ಎಂದು ಅವರೇ ತೀರ್ಮಾನಿಸಿದರು. ಗುಡ್ಡದ ಮೇಲಿನ ಶತ್ರುಗಳ ರಕ್ತ! ಲೈನಿಂಗ್ ಬಿಚ್ಚಿದ್ದಕ್ಕೆ ಸಿಟ್ಟಾಗುವ ಬದಲು ನನ್ನ ಕೈ ಹಿಡಿದು ಕುಲುಕಿದರು. ಭಾಷಣದ ಕೊನೆಗೆ ಎಲ್ಲರ ಮುಂದೆ ಈ ಚೌಕವನ್ನೇ ತೋರಿಸುತ್ತೇನೆ, ಅಪ್ಪನಿಗೇ ಇದು ಗೊತ್ತಿರಲಿಕ್ಕಿಲ್ಲ, ಎಂದು ಹಾರುತ್ತಾ ಹೋದರು.

ಎದುರಿನ ಟೇಬಲಿನಿಂದ ವಾಸಣ್ಣ ಎಲ್ಲ ಕೇಳಿಸಿಕೊಂಡಿದ್ದರು. ಕರ್ನಲ್ ಆದ ಮನುಷ್ಯನಿಗೆ ಕತ್ತಿಯನ್ನು ಕೋಟಿನ ಲೈನಿಂಗಿಗೆ ಒರೆಸುವುದಿಲ್ಲ ಎಂದು ಗೊತ್ತಿರುವುದಿಲ್ಲವಾ, ಊಟಕ್ಕೆ ಬಂದ ನೂರು ಜನರ ಮುಂದೆ ಆ ಪಾಪದವರ ಮಾನ ತೆಗೆಯಲು ನಿನಗೆ ಎಷ್ಟು ಕೊಟ್ಟಿದ್ದಾರೆ ಎಂದು ಕೇಳಿದರು. ನಾನು ಬೆವರಿದೆ. ಅಂಗಡಿಯ ಏಸಿ ಚೆನ್ನಾಗಿಯೇ ಇತ್ತು. ನಿಜ ಹೇಳಿದರೆ ಆ ಕೋಟು ತೊಡುವ ಆಸೆಯೇ ಸತ್ತುಹೋಗುತ್ತದೆ, ಹೇಳದಿದ್ದರೆ ತಂದೆಯ ಎದುರೇ ನಗೆಪಾಟಲು. ಮೂರು ಸಲ ಫೋನು ಎತ್ತಿದೆ, ಮೂರು ಸಲ ಇಟ್ಟೆ. ಆಗ ಸೆಗಯಾ ಎಂಬಲ್ಲಿದ್ದ ನಮ್ಮ ರೂಮಿನಲ್ಲಿ ನಾನು ಅರ್ಧ ಊಟ ಬಿಟ್ಟದ್ದು ನೋಡಿ, ಜ್ವರವಾ ಎಂದು ಪಕ್ಕದ ಮಂಚದವರು ಕೇಳಿದರು.

ಕೋಟು ಕೊಡುವ ದಿನ ಬಂತು. ಅದೇ ಸಂಜೆ ಊಟ. ಮಿಸ್ಟರ್ ಫೆಲಿಕ್ಸ್ ತಂದೆಯನ್ನು ಕರೆದುಕೊಂಡೇ ಬಂದರು. ಎಂಬತ್ತಾರು ವರ್ಷದ ಮನುಷ್ಯ, ಬೆನ್ನು ಮಾತ್ರ ನನ್ನ ಗಜಕೋಲಿಗಿಂತ ನೆಟ್ಟಗೆ. ಗಲ್ಲಿಯಲ್ಲಿ ಕಾರಿಗೆ ಜಾಗ ಸಿಗದೆ, ಹಿರಿಯರನ್ನು ಅಂಗಡಿಯಲ್ಲಿ ಕೂರಿಸಿ ಮಗ ಕಾರು ನಿಲ್ಲಿಸಲು ಹೋದರು. ವಾಸಣ್ಣ ನನ್ನನ್ನು ನೋಡಿದರು. ಮಾತಾಡು ಎಂಬ ನೋಟ ಅದು.

ನಾನು ಬಾಯಿ ತೆರೆಯುವ ಮೊದಲೇ ಕರ್ನಲ್ ಸಾಹೇಬರು ಹಳೆಯ ಕೋಟನ್ನು ಎತ್ತಿಕೊಂಡು, ನೇರವಾಗಿ ಎಡ ಅಂಚಿನ ಮಡಿಕೆಗೆ ಕೈ ಹಾಕಿದರು. ಬೆರಳಿನಿಂದ ಹೊಲಿಗೆ ಸವರಿದರು.

"ನೀನು ಇದನ್ನು ಬಿಚ್ಚಿದ್ದೀಯ," ಎಂದರು.

ಇಲ್ಲ ಸಾರ್, ಎಂದೆ. ಹೆದರಿಕೆಗೆ ಬಂದ ಮಾತು ಅದು.

"ಇದನ್ನು ಹೊಲಿದದ್ದು ನಾನು. ಇಷ್ಟು ಚಂದ ಹೊಲಿಯಲು ನನಗೆ ಬರುವುದಿಲ್ಲ."

ನೋಡಿದಿರಾ? ಮೊದಲಿದ್ದಂತೆ ಮುಚ್ಚಿದೆ ಎಂದೆನಲ್ಲ, ಎಲ್ಲಿ ಮೊದಲಿದ್ದಂತೆ! ಆ ಸೊಟ್ಟ ಹೊಲಿಗೆ ನೋಡಿ ನನ್ನ ಕೈ ತಡೆಯದೆ, ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟೇ ಸಣ್ಣಗೆ ಬರುವಂತೆ ಕೂರಿಸಿದ್ದೆ. ಹಜ್ಜಿಯ ಜೇಬು ತಿದ್ದಿದವನೇ ಮೂವತ್ತು ವರ್ಷದ ಮೇಲೆ ಕರ್ನಲ್ ಸಾಹೇಬರ ಹೊಲಿಗೆಯನ್ನೂ ತಿದ್ದಿದ್ದ. ವಾಸಣ್ಣ ಹಣೆಗೆ ಕೈ ಇಟ್ಟುಕೊಂಡರು.

ಇನ್ನು ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ನಿಬ್ಬಿನ ಗೀಟು ಕಂಡದ್ದು, ಮಗ ಕೇಳಿದಾಗ ಕತ್ತಿ ಒರೆಸುವುದು ಎಂದು ಸುಳ್ಳು ಹೇಳಿದ್ದು, ಅವರು ಅದನ್ನು ರಕ್ತ ಮಾಡಿಕೊಂಡದ್ದು, ಇವತ್ತು ಸಂಜೆ ಎಲ್ಲರಿಗೂ ತೋರಿಸಲಿರುವುದು. ತಪ್ಪು ನನ್ನದು ಸಾರ್, ಅವರನ್ನು ನೋಡಿ ನಗಬೇಡಿ, ಎಂದೆ.

ಹಿರಿಯರು ಹಳೆಯ ಕೋಟನ್ನು ಮಡಿಲ ಮೇಲೆ ಹರಡಿಕೊಂಡರು. ಆಮೇಲೆ ಹೇಳಿದರು. ತಾವು ಸೈನ್ಯ ಸೇರಿದ ದಿನ ತಮ್ಮ ತಂದೆ ಈ ಕೋಟನ್ನು ತೋರಿಸಿ ನಿಜ ಹೇಳಿದರಂತೆ. ಗುಡ್ಡದ ಮೇಲೆ ನುಗ್ಗಿದ್ದು ನಿಜ, ಆದರೆ ನುಗ್ಗಿದವರು ಬೇರೆಯವರು. ಕೌಂಟ್ ಲಿಯೋಪೋಲ್ಡ್‌ಗೆ ಕುದುರೆ ಎಂದರೆ ಭಯ, ಹತ್ತಿದರೆ ತಲೆ ತಿರುಗುತ್ತಿತ್ತು. ಯುದ್ಧ ಮುಗಿಯುವವರೆಗೂ ರಣರಂಗದಿಂದ ದೂರ ಹಿಂದಿದ್ದ ಊರಿನ ಒಂದು ಹಿಟ್ಟಿನ ಗಿರಣಿಯಲ್ಲಿ ಕುರ್ಚಿ ಹಾಕಿಕೊಂಡು, ಕುದುರೆಗಳಿಗೆ ಬಾರ್ಲಿ, ಲಾಳ, ಜೀನು ಕಳಿಸಿ ಎಂದು ಊರೂರಿಗೆ ಕಾಗದ ಬರೆದರು. ಆ ಪಡೆಯ ಒಂದು ಕುದುರೆಯೂ ಹಸಿದು ಬೀಳಲಿಲ್ಲ. ಪದಕ ಸಿಕ್ಕಿದ್ದು ಅದಕ್ಕೇ.

"ಇಪ್ಪತ್ತು ವರ್ಷದ ನನಗೆ ನಾಚಿಕೆಯಾಯಿತು," ಎಂದರು. "ಆ ರಾತ್ರಿಯೇ ಮುಚ್ಚಿ ಹೊಲಿದೆ."

ಅಷ್ಟರಲ್ಲಿ ಮಿಸ್ಟರ್ ಫೆಲಿಕ್ಸ್ ಬಂದರು. ಹೊಸ ಕೋಟು ತೊಟ್ಟರು. ಗುಂಡಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ, ನನ್ನ ಕೆಲಸ ಎಂದು ಹೇಳುವುದಲ್ಲ, ಹತ್ತಿಯ ಎದೆ ಭರ್ಜರಿ ಕೂತಿತ್ತು. ಅವರಿಗೆ ಸಂಜೆಯವರೆಗೆ ತಾಳ್ಮೆ ಇರಲಿಲ್ಲ. ಅಂಚು ತಿರುಗಿಸಿ, ಅಪ್ಪಾ ಇಲ್ಲಿ ನೋಡಿ, ಇದು ಕತ್ತಿ ಒರೆಸುವ ಬಟ್ಟೆ, ಎಂದು ಶುರುಮಾಡಿದರು. ನಾನು ನೆಲ ನೋಡುತ್ತಾ ನಿಂತೆ. ಕರ್ನಲ್ ಸಾಹೇಬರು ಅಡ್ಡ ಮಾತಾಡದೆ ಪೂರ್ತಿ ಕೇಳಿದರು.

ಆಮೇಲೆ ತಮ್ಮ ಜೇಬಿನಿಂದ ಹಳೆಯ ಮಸಿಪೆನ್ನು ತೆಗೆದರು. ಮುಚ್ಚಳ ಬಿಚ್ಚಿ, ಮಗನ ಹತ್ತಿರ ಹೋಗಿ, ನನ್ನ ಬೆಳ್ಳಗಿನ ಹೊಸ ಫ್ಲಾನೆಲಿಗೆ ನಿಬ್ಬನ್ನು ನಿಧಾನವಾಗಿ ಒರೆಸಿದರು. ನೀಲಿಯ ಜೋಡಿಗೀಟು ಬಿತ್ತು.

"ಇದು ಇದಕ್ಕೆ," ಎಂದರು. "ಲಿಯೋಪೋಲ್ಡ್ ಜೀವಮಾನವೆಲ್ಲ ಕುರ್ಚಿಯಲ್ಲಿ ಕೂತಿದ್ದ, ಫೆಲಿಕ್ಸ್. ನಿನ್ನ ಹಾಗೆಯೇ. ನಿನಗೆ ನಾನು ಇದನ್ನು ಎಂದೋ ಹೇಳಬೇಕಿತ್ತು."

ಮಿಸ್ಟರ್ ಫೆಲಿಕ್ಸ್ ಆ ಗೀಟನ್ನು ನೋಡಿದರು, ತಂದೆಯ ಮುಖ ನೋಡಿದರು. ಮೊದಲ ಸಲ ಅವರು ಸಾರಿ ಎನ್ನಲಿಲ್ಲ. ಕುರ್ಚಿ ಎಲ್ಲಿದೆ ಎಂದು ಕೈಯಿಂದ ತಡಕಿ, ಅಷ್ಟು ಜರಿ, ಅಷ್ಟು ಗೊಂಡೆ ಸಮೇತ ನನ್ನ ಹೊಲಿಗೆ ಮೆಷಿನಿನ ಸ್ಟೂಲಿನ ಮೇಲೆ ಕೂತುಬಿಟ್ಟರು. ತಂದೆ ಅವರ ಹೆಗಲ ಮೇಲೆ ಕೈ ಇಟ್ಟರು. ನಾನೂ ವಾಸಣ್ಣನೂ ಯಾರೂ ಕೇಳದ ಎರಡು ಚಹಾ ತರಲು ಒಟ್ಟಿಗೇ ಹೊರಗೆ ಹೋದೆವು. ಗಲ್ಲಿಯಲ್ಲಿ ವಾಸಣ್ಣ ಮೂಗು ಒರೆಸಿಕೊಂಡು, ಹೊಸ ಕೋಟು ಕೊಡುವ ಮೊದಲೇ ಕಲೆ ಮಾಡಿಬಿಟ್ಟರಲ್ಲ ಎಂದು ಗೊಣಗಿದರು.

ಸಂಜೆಯ ಊಟದಲ್ಲಿ ಯಾವ ಕಥೆ ಹೇಳಿದರೋ ನನಗೆ ಗೊತ್ತಿಲ್ಲ. ನಮ್ಮನ್ನು ಕರೆದಿರಲಿಲ್ಲ, ಕರೆಯುವ ರೂಢಿಯೂ ಇಲ್ಲ. ಒಂದು ವರ್ಷ ಕಳೆದ ಮೇಲೆ ಅವರ ಡ್ರೈವರ್ ಆ ಕೋಟನ್ನು ಇಸ್ತ್ರಿಗೆ ತಂದ. ಹಿರಿಯರು ಹೋದ ತಿಂಗಳು ತೀರಿಕೊಂಡರು ಎಂದ. ಸಾಹೇಬರು ಈ ಕೋಟನ್ನು ಆಫೀಸಿನಲ್ಲಿ ತಮ್ಮ ಕುರ್ಚಿಯ ಬೆನ್ನಿಗೇ ನೇತುಹಾಕುತ್ತಾರೆ, ಒಂದು ಗಂಟೆಯೊಳಗೆ ವಾಪಸು ಬೇಕಂತೆ, ಎಂದ.

ಟೇಬಲಿನ ಮೇಲೆ ಹರಡಿ ಎಡ ಅಂಚು ತಿರುಗಿಸಿದೆ. ಬಿಳಿ ಫ್ಲಾನೆಲ್ ಹೆಚ್ಚುಕಮ್ಮಿ ಪೂರ್ತಿ ನೀಲಿಯಾಗಿತ್ತು. ಕೊಳೆ ಬಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲವಲ್ಲ, ಹೊಸ ಚೌಕ ಹಾಕೋಣ ಎಂದು ಕತ್ತರಿ ಎತ್ತಿದೆ. ವಾಸಣ್ಣ ಆಚೆಯ ಟೇಬಲಿನಿಂದ ಕೆಮ್ಮಿದರು. ಕತ್ತರಿ ಕೆಳಗಿಟ್ಟು ಕೋಟಿಗೆಲ್ಲ ಇಸ್ತ್ರಿ ಹಾಕಿದೆ, ಆ ಚೌಕವೊಂದನ್ನು ಬಿಟ್ಟು. ಅದರ ಮೇಲಿನ ಶಾಯಿ ಇನ್ನೂ ಒದ್ದೆಯಿತ್ತು.